ಎಂದು ಓದಿಕೊಳ್ಳಿ

ಜನವರಿ ೯

ಸಂಪಾದಕರಿಗೆ,

ನಿಮ್ಮ ತ್ರೈಮಾಸಿಕದ ಹಿಂಬದಿಯ ರಕ್ಷಾಪುಟದಲ್ಲಿ ಒಂದು ಪ್ರಕಟಣೆ ಕಂಡೆ. "ಕಥೆಯಂತಿರದ ಕಥೆ, ಕವಿತೆಯಂತಿರದ ಕವಿತೆ, ಯಾವ ಚೌಕಟ್ಟಿಗೂ ಒಗ್ಗದ ಬರಹಗಳಿಗೆ ನಮ್ಮ ಬಾಗಿಲು ಸದಾ ತೆರೆದಿದೆ" ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನಾಲ್ಕು ನಿಯಮಗಳಿವೆ. ಬಾಗಿಲೇನೋ ತೆರೆದಿದೆ, ಹೊಸ್ತಿಲ ಮೇಲೆ ಹದಿನಾಲ್ಕು ಜನ ಕಾವಲುಗಾರರು ಕೂತಿದ್ದಾರೆ ಎಂದುಕೊಂಡೆ. ಇರಲಿ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ಸಣ್ಣ ಅಕ್ಷರ ಓದುವುದೇ ನನ್ನ ಕಸುಬಾಗಿತ್ತು.

ಇದರೊಂದಿಗೆ ಹದಿಮೂರು ಹಾಳೆಯ ಬರಹ ಇಟ್ಟಿದ್ದೇನೆ. ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪೊಪ್ಪುಗಳ ಪಟ್ಟಿ ಇರುತ್ತಿತ್ತಲ್ಲ, ಇಂಥ ಪುಟ, ಇಂಥ ಸಾಲು, ಹೀಗೆಂಬುದನ್ನು ಹಾಗೆಂದು ಓದಿಕೊಳ್ಳಿ ಎಂದು? ಇಡೀ ಬರಹ ಅದೇ ರೂಪದಲ್ಲಿದೆ. ಒಟ್ಟು ತೊಂಬತ್ತಾರು ತಿದ್ದುಪಡಿ. ಮೊದಲಿನಿಂದ ಕೊನೆಯವರೆಗೆ ಓದಿದರೆ ಒಬ್ಬ ಹೆಂಗಸಿನ ಬದುಕು ಸಿಗುತ್ತದೆ. ಆಕೆ ನನ್ನ ತಾಯಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯಲ್ಲಿ, ಇಸ್ತ್ರಿ ಮಾಡುವ ಉಗಿ ರೋಲರಿನ ಮುಂದೆ ಇಪ್ಪತ್ತಾರು ವರ್ಷ ನಿಂತವಳು.

ಇವು ಯಾವ ಪುಸ್ತಕದ ತಿದ್ದುಪಡಿಗಳು ಎಂಬುದು ಎರಡನೇ ಹಾಳೆಗೇ ನಿಮಗೆ ತಿಳಿಯುತ್ತದೆ. ಆ ಕಾದಂಬರಿ ನಿಮ್ಮ ಕಪಾಟಿನಲ್ಲೂ ಇರುತ್ತದೆ. ಈ ವರ್ಷದಿಂದ ಅದರ ಒಂದು ಭಾಗ ಪಾಠವಾಗಿ ಶಾಲೆಯ ಮಕ್ಕಳ ಚೀಲದಲ್ಲೂ ಇದೆ. ಮಾದರಿಗೆ ಒಂದು:

ಪುಟ ೧೭, ಸಾಲು ೪: 'ಅಮ್ಮ ಎಂದೂ ಗಟ್ಟಿಯಾಗಿ ನಕ್ಕವಳಲ್ಲ' ಎಂಬುದನ್ನು 'ಅಮ್ಮ ನಕ್ಕರೆ ರೋಲರಿನ ಸದ್ದೂ ಕೇಳಿಸುತ್ತಿರಲಿಲ್ಲ, ನಕ್ಕಿದ್ದಕ್ಕೆ ಮೇಸ್ತ್ರಿ ಎರಡು ಸಲ ಎಚ್ಚರಿಕೆಯ ಚೀಟಿ ಕೊಟ್ಟಿದ್ದ' ಎಂದು ಓದಿಕೊಳ್ಳಿ.

ಇಂತಿ,
ಕರಡು ತಿದ್ದುವವಳು (ನಿವೃತ್ತ)


ಫೆಬ್ರವರಿ ೨೭

ಮಾನ್ಯರೇ,

ತಮ್ಮ ಲಕೋಟೆ ತಲುಪಿತು. ತಾವು ಕಣ್ತಪ್ಪಿನಿಂದ ತಿದ್ದುಪಡಿಗಳ ಪಟ್ಟಿಯನ್ನು ಮಾತ್ರ ಕಳಿಸಿರುವಂತಿದೆ. ದಯವಿಟ್ಟು ಮೂಲ ಬರಹವನ್ನು, ತಿದ್ದುಪಡಿಗಳನ್ನೆಲ್ಲ ಅಳವಡಿಸಿದ ಮೇಲೆ, ಕಳಿಸಿಕೊಡಿ. ಇತ್ತೀಚಿನ ಭಾವಚಿತ್ರವೂ ಇರಲಿ. ನಮ್ಮ 'ಚೌಕಟ್ಟಿನಾಚೆ' ವಿಭಾಗಕ್ಕೆ ವಯೋಮಿತಿ ಮೂವತ್ತೈದು ಎಂಬುದನ್ನು (ನಿಯಮ ೧೧) ವಿನಯದಿಂದ ನೆನಪಿಸುತ್ತೇವೆ.

ವಂದನೆಗಳೊಂದಿಗೆ,
ಸಹಾಯಕ ಸಂಪಾದಕ


ಮಾರ್ಚ್ ೩

ತಮ್ಮನಿಗೆ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕುಶಲ ವಿಚಾರದ ಸಾಲುಗಳನ್ನು ನೀನೇ ಸೇರಿಸಿಕೊ. ಅಂಥವು ನಿನಗೆ ಚೆನ್ನಾಗಿ ಬರುತ್ತವೆ.

ನಿನ್ನ ಪುಸ್ತಕಕ್ಕೆ ಮೂವತ್ತು ತುಂಬಿತೆಂದು ಬಂದ ಹೊಸ ಮುದ್ರಣ ನೋಡಿದೆ. ಮುಖಪುಟದಲ್ಲಿ ಯಾರೋ ಹೆಂಗಸು ತಲೆ ಬಗ್ಗಿಸಿ ಕೂತಿದ್ದಾಳೆ. ಅಮ್ಮ ತಲೆ ಬಗ್ಗಿಸಿದ್ದನ್ನು ನಾನು ಕಂಡದ್ದು ಹೇನು ಹೆಕ್ಕಿಸಿಕೊಳ್ಳುವಾಗ ಮಾತ್ರ. ಬೆನ್ನುಡಿಯಲ್ಲಿ 'ಮೌನದ ಮಹಾಕಾವ್ಯ' ಎಂದಿದೆ. ಇನ್ನೂರ ನಲವತ್ತು ಪುಟದಲ್ಲಿ ಆ ತಾಯಿಗೆ ಒಬ್ಬ ಮಗಳೂ ಇದ್ದಳೆಂಬ ಸುಳಿವಿಲ್ಲ. ಅದಿರಲಿ, ಅದು ನನ್ನ ಪಟ್ಟಿಯಲ್ಲಿಲ್ಲ.

ಪಟ್ಟಿಯ ಪ್ರತಿ ಇದರ ಜೊತೆಗಿದೆ. ಅದನ್ನು ಕಳಿಸಿದ್ದ ತ್ರೈಮಾಸಿಕದವರ ಉತ್ತರವೂ ಇದೆ, ಓದು. ಪಟ್ಟಿ ಮಾತ್ರ ಬಂದಿದೆ, ಪುಸ್ತಕ ಕಳಿಸಿ ಅಂತೆ! ಅವರ ಸಲಹಾ ಮಂಡಳಿಯಲ್ಲಿ ಮೊದಲನೆಯವನು ನೀನು. ನಿನ್ನ ಮೊದಲ ಕಥೆಯಲ್ಲಿ ಒಂದೇ ಒಂದು ಪೂರ್ಣವಿರಾಮ ಇರಲಿಲ್ಲ, ನೆನಪಿದೆಯೇ? ಆರು ಪತ್ರಿಕೆಗಳು ಹಿಂದಕ್ಕೆ ಕಳಿಸಿದವು. ಏಳನೆಯವನು ತಾನೇ ಎಲ್ಲ ಕಡೆ ಚುಕ್ಕಿ ಇಟ್ಟು ಅಚ್ಚು ಹಾಕಿದ. ನೀನು ಎರಡು ದಿನ ಊಟ ಬಿಟ್ಟು ಮಲಗಿದೆ. ಅಮ್ಮ ಬಂದು ಹೊದಿಕೆ ಎಳೆದು, "ಏಳೋ ಮಹರಾಯ, ನಿಂಗೆ ನಾಲ್ಕು ಚುಕ್ಕಿ ಜಾಸ್ತಿ ಇಟ್ಟಿದ್ದಕ್ಕೆ ಇಷ್ಟು ಉರೀತಿದೆ. ನಮಗೆ ಹಾಜರಿ ಪುಸ್ತಕದಲ್ಲಿ ದಿನಾ ಕಪ್ಪು ಚುಕ್ಕಿ ಇಡ್ತಾರೆ, ನಾವು ಮಲಗ್ತೀವಾ?" ಅಂದಿದ್ದಳು. ಈಗ ಆ ಚುಕ್ಕಿ ಇಡುವವರ ಸಾಲಿನಲ್ಲಿ ನೀನು ಮುಂದಿನ ಕುರ್ಚಿಯಲ್ಲಿದ್ದೀಯ.

ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಎಂದು ಕೇಳುತ್ತೀಯ. ಕಾರಣ ಎಂಟು ಬೆರಳಿನ ಚಿಕ್ಕಮ್ಮ. ನಿನ್ನ ಪುಸ್ತಕದಲ್ಲಿ ಅವಳು ಒಂದೂವರೆ ಸಾಲು, ಆದ್ದರಿಂದ ನೆನಪಿಸುತ್ತೇನೆ. ಅಮ್ಮನ ಪಕ್ಕದ ರೋಲರಿನಲ್ಲಿ ಇದ್ದವಳು. ತಡೆಕಂಬಿ ಕಿತ್ತುಹೋಗಿದೆ ಎಂದು ಮೂರು ಸಲ ಹೇಳಿದ ಮೇಲೆ ಅವಳ ಎರಡು ಬೆರಳನ್ನು ಆ ರೋಲರು ತಿಂದಿತು. ಅಮ್ಮ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಅರವತ್ತು ಹೆಂಗಸರು ಕೊಳೆ ಬಟ್ಟೆಯ ಗಂಟುಗಳ ಮೇಲೆ ಹನ್ನೊಂದು ದಿನ ಕೂತರು. ಹನ್ನೆರಡನೇ ದಿನ ಬೆಳಿಗ್ಗೆ ಮ್ಯಾನೇಜರು ಒಂದು ಕ್ಷಮಾಪಣೆ ಪತ್ರ ಓದಿದ. ಕೆಳಗೆ ಅಮ್ಮನ ಸಹಿ. ಪತ್ರದಲ್ಲಿದ್ದುದು ನಾಲ್ಕೇ ವಾಕ್ಯ, ಮೂರನೆಯದು 'ಯಂತ್ರದಲ್ಲಿ ದೋಷವಿರಲಿಲ್ಲ'. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಚಿಕ್ಕಮ್ಮನ ಕೆಲಸ ಹೋಯಿತು. ಅಮ್ಮನ ಕೆಲಸ ಉಳಿಯಿತು. ಆಮೇಲೆ ಏಳು ವರ್ಷ ಅವಳ ಜೊತೆ ಯಾರೂ ಕೂತು ಉಣ್ಣಲಿಲ್ಲ. ನೀನಾಗ ಅದೇ ಕಾರ್ಖಾನೆಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದ ಗುಮಾಸ್ತ. ಆ ಸಹಿ ಯಾರು ಹಾಕಿದ್ದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮನಿಗೂ ಗೊತ್ತಿತ್ತು. ನೀನು ಜೈಲು ಸೇರಬಾರದೆಂದು ಅವಳು ಬಾಯಿ ಹೊಲಿದುಕೊಂಡಳು. ನಿನ್ನ ಮಹಾಕಾವ್ಯದ ಮೌನ ಅದು.

ಚಿಕ್ಕಮ್ಮನಿಗೆ ಈಗ ಎಂಬತ್ತಾರು. ಮೊಮ್ಮಗಳು ಶಾಲೆಯ ಪುಸ್ತಕದಿಂದ ನಿನ್ನ ಪಾಠ ಓದಿ ಹೇಳಿದಳಂತೆ. ನಾನು ಹೋದಾಗ ಮಂಚದ ಮೇಲಿಂದಲೇ ಕೂಗಿದಳು:

"ನೋಡ್ದ್ಯೇನೇ? ನಿಮ್ಮಮ್ಮ ತಲೆ ತಗ್ಗಿಸಿ ಸಹಿ ಹಾಕಿದ್ಲು ಅಂತ ಪುಸ್ತಕದಲ್ಲೂ ಬಂತು. ನಾನು ಹೇಳ್ತಾ ಇರ್ಲಿಲ್ವಾ?"

"ಇಲ್ಲ ಚಿಕ್ಕಮ್ಮ. ಸಹಿ ಅವಳದಲ್ಲ. ಅವನು ಹಾಕಿದ್ದು."

"ಹೌದಾ? ಅಚ್ಚಲ್ಲಿ ಬಂದಿದ್ದು ಸುಳ್ಳು, ನೀನು ಬಾಯಲ್ಲಿ ಹೇಳೋದು ನಿಜ, ಅಲ್ವಾ? ಹೋಗೇ, ಹೋಗು."

ಮೂವತ್ತೆಂಟು ವರ್ಷ ಅಚ್ಚಿನ ಮನೆಯ ಉಪ್ಪು ತಿಂದವಳು ಇದಕ್ಕೆ ಏನು ಹೇಳಬೇಕು? ಅವಳು ಕಣ್ಣು ಮುಚ್ಚುವ ಮೊದಲು ಅಚ್ಚಿನಲ್ಲೇ ತೋರಿಸಬೇಕು. ಅಷ್ಟೇ ನನಗೆ ಬೇಕಾದದ್ದು.

ಪುಟ ೧೧೨, ಸಾಲು ೯: 'ಅಮ್ಮ ತಲೆ ತಗ್ಗಿಸಿ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿದಳು' ಎಂಬುದನ್ನು 'ಅಮ್ಮನ ಸಹಿಯನ್ನು ಮಗ ಹಾಕಿದ, ಆ ಹೊತ್ತಿಗೆ ಅಮ್ಮ ಬಟ್ಟೆಗಂಟಿನ ಮೇಲೆ ಕೂತು ಮ್ಯಾನೇಜರನ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು' ಎಂದು ಓದಿಕೊಳ್ಳಿ.

ಅಕ್ಕ


ಏಪ್ರಿಲ್ ೧೨

ಅಕ್ಕನಿಗೆ ನಮಸ್ಕಾರ.

ನಿನ್ನ ಕೋಪ ಕುಶಲವಾಗಿದೆ ಎಂದು ತಿಳಿದು ಸಂತೋಷ.

ನಾನು ಬರೆದದ್ದು ಕಾದಂಬರಿ, ಪೊಲೀಸ್ ವರದಿಯಲ್ಲ. ಅದರಲ್ಲಿರುವವಳು 'ಒಬ್ಬ ತಾಯಿ'. ನೀನು ಅವಳಿಗೆ ನಮ್ಮಮ್ಮನ ಸೀರೆ ಉಡಿಸಿ ಜಗಳಕ್ಕೆ ಬಂದರೆ ನಾನೇನು ಮಾಡಲಿ? ಮತ್ತೊಂದು ಮಾತು. ಆ ಪುಸ್ತಕ ಅಚ್ಚಾದದ್ದು ನಿಮ್ಮ ಅಚ್ಚುಕೂಟದಲ್ಲಿ. ಕೊನೆಯ ಕರಡು ಓದಿದವಳು ನೀನು. ಪ್ರತಿ ಪುಟದ ಕೆಳಗೂ ಕೆಂಪು ಪೆನ್ಸಿಲಿನಲ್ಲಿ 'ಓದಿದೆ, ಸರಿಯಿದೆ, ಅಚ್ಚಿಗೆ ಹೋಗಲಿ' ಎಂದು ಬರೆದಿದ್ದೀಯ. ೧೧೨ರ ಕೆಳಗೂ. ಆ ಕರಡು ನನ್ನ ಬಳಿ ಇದೆ.

ಪಟ್ಟಿ ಓದಿದೆ. ಚೆನ್ನಾಗಿದೆ ಅಕ್ಕ. ಮುಖಸ್ತುತಿಯಲ್ಲ, ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಸಂಪಾದಕರಿಗೆ ನಾನು ಒಂದು ಮಾತು ಹೇಳಿದರೆ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ೧೧೨ ಒಂದನ್ನು ತೆಗೆದುಬಿಡು. ತೊಂಬತ್ತೈದು ಉಳಿಯುತ್ತವೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ತಮ್ಮ


ಮೇ ೨೦

ತಮ್ಮನಿಗೆ,

ಹೌದು, ಓದಿದೆ, ಸರಿಯಿದೆ ಎಂದು ಬರೆದೆ. ೧೧೨ರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಕ್ಷರ ನೋಡುವುದಷ್ಟೇ ನನ್ನ ಕೆಲಸ, ಅರ್ಥ ನೋಡುವುದು ಲೇಖಕನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಆ ದಿನದ ನನ್ನ ಕೈಬರಹ ನೆನೆದರೆ ನನಗೆ ಇವತ್ತಿಗೂ ಅಸಹ್ಯ. ಆದರೆ ಆ ಅಸಹ್ಯವನ್ನು ತೋರಿಸಿ ನೀನು ನನ್ನ ಬಾಯಿ ಮುಚ್ಚಿಸಲಾರೆ. 'ನಿನ್ನ ಒಳ್ಳೆಯದಕ್ಕೇ' ಅಂತೆ! ಹಲ್ಲು ಕಿತ್ತು ಹಾವನ್ನು ಮುದ್ದು ಮಾಡುವವನ ಮಾತು.

ನಿನ್ನ ಶಿಫಾರಸು ಬೇಡವೆಂದು ಇನ್ನೂ ನಾಲ್ಕು ಕಡೆ ಕಳಿಸಿದೆ. 'ವಿಶಿಷ್ಟ', 'ವಿಭಿನ್ನ', 'ದಾರಿ ಬಿಟ್ಟವರ ವೇದಿಕೆ' ಎಂದೆಲ್ಲ ಕರೆದುಕೊಳ್ಳುವವರು. ಒಬ್ಬನ ಉತ್ತರ: 'ವಿಭಿನ್ನವಾಗಿದೆ, ಆದರೆ ನಮ್ಮ ವಿಭಿನ್ನತೆಗೆ ಹೊಂದುವುದಿಲ್ಲ.' ಒಂದು ಅಂತರ್ಜಾಲ ಪತ್ರಿಕೆ ಹದಿಮೂರು ಹಾಳೆಯನ್ನು ನಾಲ್ಕು ನಿಮಿಷದಲ್ಲಿ ಓದಿ ವಿಷಾದ ತಿಳಿಸಿತು. ತಮ್ಮ ಮೂರು ದಿನದ ಬರವಣಿಗೆ ಶಿಬಿರಕ್ಕೆ ಸೇರಿದರೆ ಪರಿಶೀಲಿಸುವುದಾಗಿ ಇನ್ನೊಬ್ಬ. ಶಿಬಿರದಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿದೆ. 'ನಿಯಮ ಮುರಿಯುವುದನ್ನು, ಹಂತ ಹಂತವಾಗಿ' ಎಂದ. ಬರೆದವನಿಗೆ ನಗು ಬಂದಿರಲಿಕ್ಕಿಲ್ಲ, ನನಗೂ ಬರಲಿಲ್ಲ.

ನಾಲ್ಕನೆಯವರು ಎಲ್ಲರನ್ನೂ ಮೀರಿಸಿದರು. ಸ್ವೀಕರಿಸಿದ್ದೇವೆ ಎಂದು ಬರೆದು ಕರಡು ಕಳಿಸಿದರು. ನೋಡುತ್ತೇನೆ, ಎಡಗಡೆಯ ತಪ್ಪುಗಳನ್ನೆಲ್ಲ ಕಿತ್ತು, ಬಲಗಡೆಯ ಒಪ್ಪುಗಳನ್ನಷ್ಟೇ ಪೋಣಿಸಿ, ನಡುನಡುವೆ 'ಆಹಾ' 'ಅಯ್ಯೋ' ಸೇರಿಸಿ ಒಂದು ಲೇಖನ ಮಾಡಿದ್ದಾರೆ! ತಾಯಂದಿರ ವಿಶೇಷಾಂಕಕ್ಕೆ! ತಪ್ಪೇ ಇಲ್ಲದ ತಿದ್ದುಪಡಿ. ಗಾಯ ತೆಗೆದುಹಾಕಿ ಹೊಲಿಗೆ ಮಾತ್ರ ಉಳಿಸಿಕೊಂಡ ಹಾಗೆ. ಅಡ್ಡ ಗೆರೆ ಎಳೆದು ವಾಪಸು ಕಳಿಸಿದೆ. ಗೆರೆ ಎಳೆಯುವಾಗ ಪೆನ್ಸಿಲು ಮುರಿಯಿತು.

ಹಿಂದಿನ ಸಂಪಾದಕರು ಕೆಟ್ಟದಾಗಿ ಬೈದು ಕಳಿಸುತ್ತಿದ್ದರು. ಬೈಯಲಿಕ್ಕಾದರೂ ಓದಬೇಕಿತ್ತಲ್ಲ. ಈಗಿನವರು ಬೆನ್ನು ತಟ್ಟಿ ಹೊರಗೆ ಹಾಕುತ್ತಾರೆ.

ಟೈರ್ ಅಂಗಡಿಯ ಹಿಂದೆ ಒಂದು ಶೆಡ್ಡಿನಲ್ಲಿ ಒಬ್ಬಳು ಕಾಲಿನಿಂದ ತುಳಿಯುವ ಹಳೆಯ ಅಚ್ಚು ಯಂತ್ರ ಇಟ್ಟುಕೊಂಡಿದ್ದಾಳಂತೆ. ವರ್ಷಕ್ಕೆ ಮೂರೋ ನಾಲ್ಕೋ ಪುಸ್ತಕ ತರುತ್ತಾಳೆ, ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅಲ್ಲಿಗೆ ಕಳಿಸಿದ್ದೇನೆ. ತೊಂಬತ್ತಾರನ್ನೂ.

ಅಕ್ಕ


ಜೂನ್ ೩೦

ಅಮ್ಮಾವರಿಗೆ,

ನಿಮ್ಮ ಬರಹವನ್ನು ಮೂರು ಸಲ ಓದಿದೆ. ಎರಡನೇ ಸಲ ಕಾದಂಬರಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದೆ. ಟೈರ್ ಅಂಗಡಿಯ ಅಣ್ಣ ಬಂದು "ಏನಕ್ಕಾ, ಎರಡು ಪುಸ್ತಕಕ್ಕೆ ಜಗಳ ಹಚ್ಚಿ ಕೂತಿದ್ದೀರಾ?" ಅಂದ. ಅದೇ ಸರಿಯಾದ ವಿಮರ್ಶೆ ಅನ್ನಿಸಿತು.

ಇದನ್ನು ಪುಸ್ತಕ ಮಾಡುವುದಿಲ್ಲ. ತಪ್ಪೊಪ್ಪು ಪಟ್ಟಿಯನ್ನು ತಪ್ಪೊಪ್ಪು ಪಟ್ಟಿಯಾಗಿಯೇ ಮಾಡುತ್ತೇನೆ. ತೆಳು ಕಾಗದ, ಹೊಲಿಗೆ ಇಲ್ಲ, ಮಡಚಿದ ಬಿಡಿ ಹಾಳೆಗಳು. ಹೊಸ ಮುದ್ರಣದ ಪುಟವನ್ನು ಅಳತೆಪಟ್ಟಿ ಇಟ್ಟು ನೋಡಿದ್ದೇನೆ. ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು ಮಾಡಿದರೆ ಯಾರು ಬೇಕಾದರೂ ಆ ಪುಸ್ತಕದೊಳಗೆ ಸೇರಿಸಿಟ್ಟುಕೊಳ್ಳಬಹುದು. ಗ್ರಂಥಾಲಯದ ಪ್ರತಿಗಳಲ್ಲೂ. ಅದನ್ನು ನಾನು ಹೇಳಿಕೊಟ್ಟೆ ಅನ್ನಬೇಡಿ.

ಒಂದು ಪ್ರಶ್ನೆ ಇದೆ, ನಿಮ್ಮ ಕಸುಬಿನದೇ, ತಪ್ಪು ತಿಳಿಯಬೇಡಿ. ಕ್ಷಮಾಪಣೆ ಪತ್ರದ ನಾಲ್ಕೂ ವಾಕ್ಯಗಳನ್ನು ನೀವು ಪಟ್ಟಿಯಲ್ಲಿ ಅಕ್ಷರಶಃ ಕೊಟ್ಟಿದ್ದೀರಿ. ಆದರೆ ಪತ್ರ ಓದಿದ ದಿನ ನೀವು ಅಲ್ಲಿರಲಿಲ್ಲ, ಅಚ್ಚುಕೂಟದಲ್ಲಿದ್ದೆ ಎಂದು ಮುಂದಿನ ತಿದ್ದುಪಡಿಯಲ್ಲಿ ನೀವೇ ಬರೆದಿದ್ದೀರಿ. ಪತ್ರ ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ಆ ವಾಕ್ಯಗಳು ನಿಮಗೆ ಹೇಗೆ ಗೊತ್ತು?

ಟೈರ್ ಅಂಗಡಿ ಹಿಂದಿನವಳು


ಜುಲೈ ೮

ಪತ್ರ ನನ್ನ ಬಳಿ ಇಲ್ಲ. ನೆನಪಿದೆ. ನನ್ನ ನೆನಪು ಉದ್ದ. ಬರೆದ ಹಾಗೇ ಅಚ್ಚಿಗೆ ಹೋಗಲಿ.

ಕರಡು ತಿದ್ದುವವಳು


ಆಗಸ್ಟ್ ೧೭

ಅಕ್ಕ,

ಟೈರ್ ಅಂಗಡಿ ಹಿಂದಿನವಳು ನನಗೂ ಒಂದು ಕರಡು ಕಳಿಸಿದ್ದಾಳೆ. 'ನಿಮ್ಮ ಬಗ್ಗೆ ಇದೆ, ಆಕ್ಷೇಪಣೆ ಇದ್ದರೆ ತಿಳಿಸಿ. ಇದ್ದರೂ ಅಚ್ಚು ಹಾಕುತ್ತೇನೆ' ಎಂದು ಚೀಟಿ. ಇಂಥವಳು ನನ್ನ ಕಾಲದಲ್ಲಿ ಇದ್ದಿದ್ದರೆ ನನ್ನ ಕಥೆಗೆ ಯಾರೂ ಚುಕ್ಕಿ ಇಡುತ್ತಿರಲಿಲ್ಲ.

ಆಕ್ಷೇಪಣೆ ಇಲ್ಲ. ೧೧೨ ಇರಲಿ. ಆದರೆ ಅದು ಅರ್ಧ.

ನಾನು ಆ ಪತ್ರ ಬರೆದುಕೊಂಡು ಹಿಂದಿನ ದಿನ ಮಧ್ಯಾಹ್ನ ನಿಮ್ಮ ಅಚ್ಚುಕೂಟಕ್ಕೆ ಬಂದೆ. ನೀನು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಅಚ್ಚುಮೊಳೆಗಳ ಪೆಟ್ಟಿಗೆಯ ಮೇಲೆ ಕಾಗದ ಹರಡಿಕೊಂಡೆ. ಹನ್ನೆರಡು ವಾಕ್ಯಗಳಿದ್ದವು, ನೀನು ನಾಲ್ಕು ಮಾಡಿದೆ. 'ಯಂತ್ರದಲ್ಲಿ ದೋಷವಿರಲಿಲ್ಲ ಎಂದು ಕಾಣುತ್ತದೆ' ಎಂದು ನಾನು ಬರೆದಿದ್ದೆ. ನೀನು 'ಎಂದು ಕಾಣುತ್ತದೆ'ಯನ್ನು ಹೊಡೆದು ಹಾಕಿ, "ಇತ್ತು ಅನ್ನು, ಇಲ್ಲಾ ಇರ್ಲಿಲ್ಲ ಅನ್ನು. ಅಡ್ಡಗೋಡೆ ಮೇಲೆ ದೀಪ ಇಡ್ಬೇಡ" ಅಂದೆ. ಆ ವಾಕ್ಯ ಹಿಡಿದೇ ಅವರು ಚಿಕ್ಕಮ್ಮನನ್ನು ಹೊರಗೆ ಹಾಕಿದ್ದು. ಅಮ್ಮನ ಕೆಲಸ ಉಳಿಯಲಿ ಎಂದು ಇಬ್ಬರೂ ಮಾಡಿದೆವು. ನಿನಗೆ ಇಪ್ಪತ್ತೆರಡು, ನನಗೆ ಹತ್ತೊಂಬತ್ತು. ಇಬ್ಬರೂ ಹೆದರಿದ್ದೆವು. ಇದನ್ನು ಸಮರ್ಥನೆ ಎಂದು ಬರೆಯುತ್ತಿಲ್ಲ.

ಐವತ್ತು ವರ್ಷ ನಿನಗೆ ಹೇಳದೇ ಇದ್ದದ್ದು ಇನ್ನೊಂದಿದೆ. ಪತ್ರ ಓದಿದ ದಿನ ಸಂಜೆ ಅಮ್ಮ ನನ್ನನ್ನು ಹಿತ್ತಿಲ ಕಲ್ಲಿನ ಹತ್ತಿರ ನಿಲ್ಲಿಸಿಕೊಂಡು ಅಂದಳು: "ಸಹಿ ನಿಂದು ಅಂತ ನೋಡಿದ ತಕ್ಷಣ ಗೊತ್ತಾಯ್ತು ಕಣೋ. ಆದ್ರೆ ಇಷ್ಟು ಖಡಾಖಂಡಿತ ಬರೆಯೋಕೆ ನಿಂಗೆ ಬರಲ್ಲ. ನಂಗೆ ಗೊತ್ತು ಅಂತ ನಿಮ್ಮಕ್ಕನಿಗೆ ಹೇಳ್ಬೇಡ. ಅವಳು ತಡ್ಕೊಳಲ್ಲ."

ನನ್ನ ಪುಸ್ತಕದಲ್ಲಿ ಮಗಳೇ ಇಲ್ಲ. ಮಗಳಿದ್ದರೆ ೧೧೨ನೇ ಪುಟದಲ್ಲಿ ಅವಳು ಬರಲೇಬೇಕಿತ್ತು. ನಾನು ಹೇಡಿ, ಒಪ್ಪುತ್ತೇನೆ. ಆದರೆ ಆ ಒಂದು ಜಾಗದಲ್ಲಿ ನಾನು ನನಗೊಬ್ಬನಿಗಾಗಿಯೇ ಸುಳ್ಳು ಹೇಳಲಿಲ್ಲ.

ತಮ್ಮ


ಸೆಪ್ಟೆಂಬರ್ ೨೫

ಟೈರ್ ಅಂಗಡಿ ಹಿಂದಿನವಳಿಗೆ,

ನಿಮ್ಮ ಜೂನ್ ತಿಂಗಳ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದಿನ ಹಿಡಿಯಿತು. ನೀವು ಕಾದಿರಿ. ಉತ್ತರ ಬರುತ್ತದೆಂದು ಗೊತ್ತಿದ್ದೇ ಕಾದಿರಿ ಎಂದು ನನ್ನ ಅನುಮಾನ. ಒಳ್ಳೆಯ ಕರಡು ತಿದ್ದುವವರಿಗೆ ಆ ತಾಳ್ಮೆ ಇರಬೇಕು. ನನಗಿರಲಿಲ್ಲ.

ಮರೆತಿದ್ದೆ ಎಂದು ಬರೆದರೆ ಅದೂ ಇನ್ನೊಂದು ಸುಳ್ಳು. ಮರೆತಿರಲಿಲ್ಲ. ಬೇರೆಯವರ ತೊಂಬತ್ತಾರು ತಪ್ಪನ್ನು ಪುಟ, ಸಾಲು ಸಮೇತ ಹೆಕ್ಕಿದೆ. ನನ್ನದು ಬಂದಾಗ ಕಣ್ಣು ಮುಂದಿನ ಸಾಲಿಗೆ ಹಾರಿತು. ಕರಡು ತಿದ್ದುವವರ ಕಣ್ಣು ಹಾಗೆ ಹಾರುವುದು ಸುಸ್ತಾದಾಗ ಅಥವಾ ಬೇಕೆಂದೇ. ನನಗೆ ಸುಸ್ತಾಗಿರಲಿಲ್ಲ. ಈ ವರ್ಷವಿಡೀ ಸಂಪಾದಕರ ಮೇಲೆ ಉಗಿದ ಉಗುಳೆಲ್ಲ ಗಾಳಿಗೆ ತಿರುಗಿ ನನ್ನ ಮುಖದ ಮೇಲೇ ಬಿದ್ದಿದೆ. ಒರೆಸಿಕೊಳ್ಳುವುದಿಲ್ಲ. ಅವರ ವಿಷಯದಲ್ಲಿ ಬರೆದದ್ದೂ ಹಾಗೇ ನಿಲ್ಲುತ್ತದೆ.

ತೊಂಬತ್ತೇಳನೆಯದನ್ನು ಸೇರಿಸಿ. ಕೊನೆಯಲ್ಲಿ ಬೇಡ, ಮೊದಲಿಗೆ ಹಾಕಿ.

ಪುಟ ೧೧೨, ಸಾಲು ೯ರ ತಿದ್ದುಪಡಿಗೆ ತಿದ್ದುಪಡಿ: 'ಅಮ್ಮನ ಸಹಿಯನ್ನು ಮಗ ಹಾಕಿದ' ಎಂಬುದನ್ನು 'ಪತ್ರವನ್ನು ಮಗಳು ತಿದ್ದಿಕೊಟ್ಟಳು, ಅಮ್ಮನ ಸಹಿಯನ್ನು ಮಗ ಹಾಕಿದ. ಯಂತ್ರದಲ್ಲಿ ದೋಷವಿತ್ತು. ಅದು ಇಬ್ಬರಿಗೂ ಗೊತ್ತಿತ್ತು' ಎಂದು ಓದಿಕೊಳ್ಳಿ.

ಓದಿದೆ. ಅಚ್ಚಿಗೆ ಹೋಗಲಿ.

ಕರಡು ತಿದ್ದುವವಳು


ನವೆಂಬರ್ ೧೪

ತಮ್ಮನಿಗೆ,

ಮೊದಲ ಪ್ರತಿ ತೆಗೆದುಕೊಂಡು ನಿನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕಾಗದಕ್ಕೆ ಇನ್ನೂ ಶಾಯಿಯ ವಾಸನೆ ಇತ್ತು. ಅವಳು ಮೊದಲು ಮೂಸಿ ನೋಡಿದಳು, ಆಮೇಲೆ ಎಂಟು ಬೆರಳಿನಿಂದಲೂ ಸವರಿದಳು. "ಅಚ್ಚೇ ತಾನೆ ಇದು? ಕೈಯಲ್ಲಿ ಬರೆದಿದ್ದಲ್ಲ ತಾನೆ?" ಎಂದು ಎರಡು ಸಲ ಕೇಳಿದಳು.

ಮೊದಲನೆಯದನ್ನು ಓದಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಮೂರನೇ ಸಲ ಮೊಮ್ಮಗಳನ್ನು ಕರೆದು ಅವಳ ಕೈಯಲ್ಲಿ ಓದಿಸಿದಳು, ನಾನು ಏನಾದರೂ ಸೇರಿಸಿ ಓದುತ್ತಿರಬಹುದೆಂದು. ಆಮೇಲೆ ಗೋಡೆಯ ಕಡೆ ತಿರುಗಿದಳು. ಗೋಡೆಯಲ್ಲಿ ಒಂದು ಕ್ಯಾಲೆಂಡರು, ಒಂದು ಮೊಳೆ, ಬೇರೇನೂ ಇಲ್ಲ.

"ಏಳು ವರ್ಷ ಅವಳು ಗೇಟಿನ ಹತ್ತಿರ ಒಬ್ಳೇ ಉಣ್ತಾ ಕೂತಿರ್ತಿದ್ಲಂತೆ," ಅಂದಳು. "ಕಂಡವರು ಬಂದು ನಂಗೆ ಹೇಳೋರು. ನಾನು ಕೇಳಿ ಖುಷಿ ಪಡ್ತಿದ್ದೆ ಕಣೇ."

ನಾನು ಹಾಳೆಯನ್ನು ಮಡಚಿ ಮಂಚದ ಮೇಲಿಟ್ಟೆ.

"ಐವತ್ತು ವರ್ಷ ನಿಮ್ಮಮ್ಮನ್ನ ಬೈದೆ. ಸತ್ತ ಮೇಲೂ ಬಿಡ್ಲಿಲ್ಲ. ಅಷ್ಟೂ ದಂಡ. ಈಗ ನಿಮ್ಮಿಬ್ರನ್ನ ಬೈಯೋಣ ಅಂದ್ರೆ ನಂಗೆಷ್ಟು ದಿನ ಉಳಿದಿದೆಯೇ?"

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಬೆರಳು ಹೋದ ಕೈಯನ್ನು ಎತ್ತಿ ತಡೆದಳು.

"ಅದೆಲ್ಲ ಬೇಡ. ಆ ಮಾತು ಒಂದ್ಸಲ ಕಾಗದದಲ್ಲಿ ಬರೆದಿದ್ದು ಸಾಕು. ದಿನಾ ಬಾ. ಬೈಸ್ಕೊ. ಅವನಿಗೂ ಹೇಳು."

ಆಮೇಲೆ ಮೊಮ್ಮಗಳ ಪಾಠಪುಸ್ತಕ ತರಿಸಿ, ಹಾಳೆಯನ್ನು ನಿನ್ನ ಪಾಠದ ಪುಟಕ್ಕೆ ಸೇರಿಸಿ, ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ಇವತ್ತು ಬೆಳಿಗ್ಗೆ ಹೋಗಿ ಬಂದೆ. ಒಂದು ಗಂಟೆ ಬೈದಳು. ಒಂದೂ ಮಾತು ಎರಡನೇ ಸಲ ಬರಲಿಲ್ಲ. ಅವಳಿಗೆ ಅಮ್ಮನದೇ ಗರಡಿ. ನಾಳೆ ಮತ್ತೆ ಹೋಗುತ್ತೇನೆ. ನಿನ್ನ ಊರಿನಿಂದ ಇಲ್ಲಿಗೆ ಬರುವ ಬಸ್ಸುಗಳ ವೇಳೆಯನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಎರಡು ಸಲ ಪರೀಕ್ಷಿಸಿದ್ದೇನೆ, ತಪ್ಪಿಲ್ಲ. ಬೆಳಗಿನದಕ್ಕೇ ಬಾ. ಮಧ್ಯಾಹ್ನದ ಮೇಲೆ ಅವಳಿಗೆ ಸುಸ್ತಾಗುತ್ತದೆ, ಬೈಗುಳಕ್ಕೆ ಬಲ ಇರುವುದಿಲ್ಲ.

ನಿನ್ನ ಅಕ್ಕ